ತರಗತಿಗೆ ಬರಲಿ ‘ಪೊಲೀಸ್ ಕಾರ್ಯಾಚರಣೆ’ಯ ಮೂಲ ದಾಖಲೆ

ರಾಯಚೂರು: ರಾಜ್ಯದ ಬಹುಪಾಲು ಶಾಲೆಗಳಲ್ಲಿ ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಎಂದು ವರ್ಷಕ್ಕೆ ಎರಡು ಬಾರಿ ಧ್ವಜ ಏರಿದರೆ, ರಾಯಚೂರು, ದೇವದುರ್ಗ, ಮಾನ್ವಿಗಳ ಶಾಲಾ ಅಂಗಳದಲ್ಲಿ ಸೆಪ್ಟೆಂಬರ್ 17ರಂದು ಇನ್ನೊಮ್ಮೆ ಏರುತ್ತದೆ. ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿದ ದಿನವೆಂದು ಮಕ್ಕಳಿಗೆ ಹೇಳಲಾಗುತ್ತದೆ. ಭಾಷಣ ಮುಗಿದು ಸಿಹಿ ಹಂಚಿದ ಮೇಲೆ ತರಗತಿಗೆ ಮರಳಿದರೆ, ಹತ್ತನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಅದೇ ಘಟನೆ ಜುನಾಗಢ ಹಾಗೂ ಕಾಶ್ಮೀರದ ನಡುವೆ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ತಮ್ಮ ಅಜ್ಜ, ಮುತ್ತಜ್ಜಂದಿರ ಊರಿನಲ್ಲೇ ನಡೆದ ಯುದ್ಧದ ಬಗ್ಗೆ ಈ ಜಿಲ್ಲೆಯ ವಿದ್ಯಾರ್ಥಿಗೆ ಪಠ್ಯ ಕೊಡುವುದು ಇಷ್ಟೇ.

ಆದರೆ ಪಠ್ಯದಲ್ಲಿ ಇಲ್ಲದ್ದು ಅಂತರ್ಜಾಲದಲ್ಲಿದೆ. 1948ರ ಸೈನಿಕ ಕಾರ್ಯಾಚರಣೆಗೆ ಸಂಬಂಧಿಸಿದ ಸರ್ಕಾರಿ ಶ್ವೇತಪತ್ರ, ವಿಶ್ವಸಂಸ್ಥೆಯ ನಡಾವಳಿ, ವಿದೇಶಿ ದೂತಾವಾಸಗಳ ತಂತಿ ಸಂದೇಶ, ಹಳೆಯ ನಕ್ಷೆ, ಸುದ್ದಿಚಿತ್ರ ಇವೆಲ್ಲ ಕಳೆದ ಎರಡು ದಶಕಗಳಲ್ಲಿ ಒಂದೊಂದಾಗಿ ಗಣಕಯಂತ್ರದ ಪರದೆಗೆ ಬಂದಿವೆ. ಅವುಗಳನ್ನು ತರಗತಿಗೆ ಒಯ್ಯುವುದು ಹೇಗೆ ಎಂಬುದಕ್ಕೆ ಅಮೆರಿಕದ ಶಾಲೆಗಳಲ್ಲಿ ಒಂದು ಸಿದ್ಧ ಮಾದರಿ ಇದೆ.

ಟಾಂಕಿನ್ ಕೊಲ್ಲಿಯ ಪಾಠ

ವಿಯೆಟ್ನಾಂ ಯುದ್ಧವನ್ನು ಬೋಧಿಸುವ ಅಮೆರಿಕದ ಅನೇಕ ಶಿಕ್ಷಕರು ಇಡೀ ಯುದ್ಧವನ್ನು ಹೇಳಲು ಹೋಗುವುದಿಲ್ಲ. ಒಂದೇ ಘಟನೆಯನ್ನು ಆಯ್ದುಕೊಳ್ಳುತ್ತಾರೆ. 1964ರ ಆಗಸ್ಟ್ 4ರ ರಾತ್ರಿ ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ನೌಕೆಗಳ ಮೇಲೆ ಎರಡನೆಯ ಬಾರಿ ದಾಳಿ ನಡೆಯಿತೆಂದು ಅಧ್ಯಕ್ಷ ಲಿಂಡನ್ ಜಾನ್ಸನ್ ದೂರದರ್ಶನದಲ್ಲಿ ದೇಶಕ್ಕೆ ತಿಳಿಸಿದರು. ಮೂರೇ ದಿನಗಳಲ್ಲಿ, ಆಗಸ್ಟ್ 7ರಂದು, ಯುದ್ಧ ವಿಸ್ತರಿಸಲು ಅನುವು ಮಾಡಿಕೊಡುವ ನಿರ್ಣಯಕ್ಕೆ ಅಲ್ಲಿನ ಸಂಸತ್ತು ಒಪ್ಪಿಗೆ ನೀಡಿತು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರೇ 58 ಸಾವಿರಕ್ಕೂ ಹೆಚ್ಚು. ಸತ್ತ ವಿಯೆಟ್ನಾಮೀಯರ ಸಂಖ್ಯೆ ಅದರ ಹಲವು ಪಟ್ಟು. 2005ರ ನವೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಭದ್ರತಾ ಏಜೆನ್ಸಿ ತನ್ನದೇ ಇತಿಹಾಸಕಾರರ ರಹಸ್ಯ ಅಧ್ಯಯನವನ್ನು ಬಹಿರಂಗಪಡಿಸಿತು. ಎರಡನೆಯ ದಾಳಿ ನಡೆದೇ ಇರಲಿಲ್ಲ ಎಂಬುದು ಅದರ ತೀರ್ಮಾನವಾಗಿತ್ತು.

ವಿದ್ಯಾರ್ಥಿಗಳ ಮುಂದೆ ಭಾಷಣ, ನಿರ್ಣಯ, ಬಹಿರಂಗಗೊಂಡ ಕಡತ ಎಂಬ ಮೂರು ಕಾಗದಗಳನ್ನು ಇಡಲಾಗುತ್ತದೆ. ಬರೆದವರು ಯಾರು, ಯಾವಾಗ, ಯಾರಿಗಾಗಿ ಬರೆದರು, ಇನ್ನೊಂದು ಕಾಗದ ಇದನ್ನು ಒಪ್ಪುತ್ತದೆಯೇ ಎಂದು ಕೇಳಲಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು ಇದೇ ಕ್ರಮದಲ್ಲಿ ರೂಪಿಸಿದ ಪಾಠಗಳು ಜಾಲದಲ್ಲಿ ಉಚಿತವಾಗಿ ಲಭ್ಯವಾದವು. ಅಮೆರಿಕದ ರಾಷ್ಟ್ರೀಯ ಪತ್ರಾಗಾರ 2010ರಲ್ಲಿ ಶಿಕ್ಷಕರಿಗೆಂದೇ ‘ಡಾಕ್ಸ್‌ಟೀಚ್’ ತಾಣ ತೆರೆಯಿತು. 1971ರಲ್ಲಿ ಪತ್ರಿಕೆಗಳ ಮೂಲಕ ಸೋರಿಕೆಯಾದ ‘ಪೆಂಟಗನ್ ಪೇಪರ್ಸ್’ನ ಸುಮಾರು 7,000 ಪುಟಗಳನ್ನು ಅದೇ ಸಂಸ್ಥೆ 2011ರ ಜೂನ್‌ನಲ್ಲಿ ಪೂರ್ಣವಾಗಿ ಬಿಡುಗಡೆ ಮಾಡಿತು. ಅಫ್ಘಾನಿಸ್ತಾನ ಯುದ್ಧದ ಕುರಿತ ಸರ್ಕಾರಿ ಸಂದರ್ಶನಗಳನ್ನು ‘ವಾಷಿಂಗ್ಟನ್ ಪೋಸ್ಟ್’ ಮೂರು ವರ್ಷ ನ್ಯಾಯಾಲಯದಲ್ಲಿ ಹೋರಾಡಿ ಪಡೆದು, 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅಂದರೆ ಅಲ್ಲಿಯೂ ಕಡತಗಳು ತಾವಾಗಿಯೇ ನಡೆದು ಬಂದಿಲ್ಲ.

ದೋಆಬಿನ ಯುದ್ಧ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲ ಯುದ್ಧಗಳಿಗೆ ಹೊಸದಲ್ಲ. ಕೃಷ್ಣದೇವರಾಯ 1520ರಲ್ಲಿ ರಾಯಚೂರು ಕೋಟೆ ಗೆದ್ದದ್ದು ಪ್ರತಿ ಮಗುವಿಗೂ ಗೊತ್ತು. ಅದಾಗಿ 428 ವರ್ಷಗಳ ನಂತರ ನಡೆದದ್ದೇ ಗೊತ್ತಿಲ್ಲ.

ದೇಶ ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. 1947ರ ನವೆಂಬರ್ 29ರಂದು ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಕಾಸಿಂ ರಜ್ವಿ ನೇತೃತ್ವದ ರಜಾಕಾರರ ಹಾವಳಿ ಗ್ರಾಮಗಳಲ್ಲಿ ಹೆಚ್ಚಿತು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಇಂದಿಗೂ ನೆನಪಾಗುತ್ತದೆ. ಸಂಸ್ಥಾನದ ಗಡಿಯಾಚೆ, ಮುಂಬೈ ಹಾಗೂ ಮದ್ರಾಸ್ ಪ್ರಾಂತಗಳ ಊರುಗಳಲ್ಲಿ, ಹೋರಾಟಗಾರರ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುನ್ನಡೆಸಿದ ಮುಂಡರಗಿ ಶಿಬಿರ ಅವುಗಳಲ್ಲಿ ಪ್ರಸಿದ್ಧ.

‘ಆಪರೇಷನ್ ಪೋಲೋ’ ಆರಂಭವಾದದ್ದು ಸೆಪ್ಟೆಂಬರ್ 13ರ ನಸುಕಿನಲ್ಲಿ. ಮುಖ್ಯ ದಳ ಮೇಜರ್ ಜನರಲ್ ಜೆ.ಎನ್. ಚೌಧರಿ ನೇತೃತ್ವದಲ್ಲಿ ಸೊಲ್ಲಾಪುರದ ಕಡೆಯಿಂದ ಹೊರಟಿತು. ಇನ್ನೊಂದು ದಳ ವಿಜಯವಾಡದ ಕಡೆಯಿಂದ ಬಂತು. ದಕ್ಷಿಣದಲ್ಲಿ ಹೊಸಪೇಟೆಯ ಬಳಿ ಮೈಸೂರು ಪದಾತಿದಳವೂ, ತುಂಗಭದ್ರಾ ಸೇತುವೆಯಲ್ಲಿ ಗೂರ್ಖಾ ದಳವೂ ಹೋರಾಡಿದವು. ಮುಂಬೈ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು 1871ರಲ್ಲಿ ಕೂಡಿದ್ದೇ ರಾಯಚೂರಿನಲ್ಲಿ. ಹೀಗಾಗಿ ಆ ಸೇತುವೆಗೆ ಅಷ್ಟು ಬೆಲೆ. 17ರ ಸಂಜೆ ನಿಜಾಮರು ಕದನವಿರಾಮ ಘೋಷಿಸಿದರು. ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಚೌಧರಿಯವರಿಗೆ ಔಪಚಾರಿಕವಾಗಿ ಶರಣಾದದ್ದು ಮರುದಿನ, 18ರಂದು.

ದಿನಾಂಕ ಒಂದೇ ಆದರೂ ಹೆಸರು ಹಲವು. ಕರ್ನಾಟಕದಲ್ಲಿ ‘ವಿಮೋಚನಾ ದಿನ’ವಾಗಿದ್ದದ್ದು 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ನಾಮಕರಣವಾದ ಬಳಿಕ ‘ಕಲ್ಯಾಣ ಕರ್ನಾಟಕ ಉತ್ಸವ’ವಾಯಿತು. ಮಹಾರಾಷ್ಟ್ರದಲ್ಲಿ ಅದು ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ತೆಲಂಗಾಣ ಸರ್ಕಾರ 2022ರಲ್ಲಿ ಅದನ್ನು ರಾಷ್ಟ್ರೀಯ ಏಕೀಕರಣ ದಿನವೆಂದು ಕರೆದರೆ, ಅದೇ ವರ್ಷ ಕೇಂದ್ರ ಸರ್ಕಾರ ಅಲ್ಲಿಯೇ ಹೈದರಾಬಾದ್ ವಿಮೋಚನಾ ದಿನವನ್ನು ಆಚರಿಸಿತು. ಸೈನ್ಯ ಮಾಡಿದ ಯುದ್ಧಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರೇಕೆ ಬಂತು ಎಂಬ ಪ್ರಶ್ನೆಯೊಂದನ್ನೇ ಹಿಡಿದು ಶಿಕ್ಷಕರು ಇಡೀ ಅವಧಿ ಪಾಠ ಮಾಡಬಹುದು. ದೇಶದೊಳಗಿನ ಶಾಂತಿಪಾಲನೆ ಎಂದರೆ ಪೊಲೀಸರ ಕೆಲಸ, ಯುದ್ಧ ಎಂದರೆ ಎರಡು ದೇಶಗಳ ವಿಷಯ. ಭಾರತ ಮೊದಲಿನ ಪದ ಹಿಡಿಯಿತು. ಎರಡನೆಯದನ್ನು ಹಿಡಿದ ನಿಜಾಮ ಸರ್ಕಾರ ವಿಶ್ವಸಂಸ್ಥೆಯ ಕದ ತಟ್ಟಿತು.

ಎಲ್ಲಿ ಏನಿದೆ?

ಹೈದರಾಬಾದ್ ಸರ್ಕಾರ 1948ರ ಆಗಸ್ಟ್ 21ರಂದು ಸಲ್ಲಿಸಿದ ದೂರು ಮತ್ತು ಭದ್ರತಾ ಮಂಡಳಿ ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ನಡೆಸಿದ ಸಭೆಯ ನಡಾವಳಿ ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯದಲ್ಲಿವೆ. ಸಭೆ ಸೇರಿದ ಮರುದಿನವೇ ಯುದ್ಧ ಮುಗಿದಿತ್ತು ಎಂಬುದನ್ನು ಮಕ್ಕಳೇ ದಿನಾಂಕ ಹೋಲಿಸಿ ಕಂಡುಹಿಡಿಯಬಲ್ಲರು. ಬ್ರಿಟನ್ ಸಂಸತ್ತಿನಲ್ಲಿ ಆ ವರ್ಷ ನಡೆದ ಹೈದರಾಬಾದ್ ಚರ್ಚೆ ‘ಹನ್ಸಾರ್ಡ್’ ತಾಣದಲ್ಲಿ ಸಿಗುತ್ತದೆ. ನಿಜಾಮರು ಅಮೆರಿಕದ ಅಧ್ಯಕ್ಷ ಟ್ರೂಮನ್ ಅವರ ಮಧ್ಯಸ್ಥಿಕೆಯನ್ನೂ ಬಯಸಿ ವಿಫಲರಾಗಿದ್ದರು. ಅಮೆರಿಕ ವಿದೇಶಾಂಗ ಇಲಾಖೆ ತನ್ನ ಹಳೆಯ ತಂತಿ ಸಂದೇಶಗಳ ಸಂಪುಟಗಳನ್ನು ವರ್ಷವಾರು ಜಾಲಕ್ಕೇರಿಸಿರುವುದರಿಂದ 1948ರ ದಕ್ಷಿಣ ಏಷ್ಯಾ ಸಂಪುಟವನ್ನು ರಾಯಚೂರಿನಲ್ಲಿ ಕುಳಿತೇ ತೆರೆಯಬಹುದು.

ಭಾರತದ ಮೂಲಗಳೂ ಕಡಿಮೆ ಇಲ್ಲ. ಕೇಂದ್ರ ಸರ್ಕಾರ 1948ರಲ್ಲಿ ಹೊರತಂದ ಹೈದರಾಬಾದ್ ಶ್ವೇತಪತ್ರ, ವಿ.ಪಿ. ಮೆನನ್ ಸಂಸ್ಥಾನಗಳ ವಿಲೀನದ ಕುರಿತು 1956ರಲ್ಲಿ ಬರೆದ ಗ್ರಂಥ, ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗಕ್ಕಾಗಿ ಎಸ್.ಎನ್. ಪ್ರಸಾದ್ ಬರೆದು 1972ರಲ್ಲಿ ಪ್ರಕಟವಾದ ಕಾರ್ಯಾಚರಣೆಯ ಅಧಿಕೃತ ಇತಿಹಾಸ ಇವು ಸರ್ಕಾರದ ಕಣ್ಣಿನಿಂದ ನೋಡಿದವು. ನಿಜಾಮರ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿ 1962ರಲ್ಲಿ ತಮ್ಮ ಪಕ್ಷವನ್ನು ಬರೆದರು. ಹೋರಾಟದ ನಾಯಕ ಸ್ವಾಮಿ ರಮಾನಂದ ತೀರ್ಥರ ನೆನಪುಗಳು 1967ರಲ್ಲಿ ಬಂದವು. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣ 2015ರಿಂದ ಕಡತಗಳ ಸೂಚಿಯನ್ನೂ, ಅನೇಕ ಕಡತಗಳ ಬಿಂಬವನ್ನೂ ಒದಗಿಸುತ್ತಿದೆ. ಜಿಲ್ಲೆಯ ಮಟ್ಟಿಗೆ 1970ರ ರಾಯಚೂರು ಗ್ಯಾಸೆಟಿಯರ್ ಅನ್ನು ಮೊದಲು ತೆರೆಯಬೇಕು.

ಸಣ್ಣ ತರಗತಿಗಳಿಗೆ ಒಂದು ಸುಲಭ ದಾರಿಯೂ ಇದೆ. ಅಮೆರಿಕ ಸೇನೆಯ ನಕ್ಷಾ ವಿಭಾಗ 1950ರ ದಶಕದಲ್ಲಿ ಮುದ್ರಿಸಿದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇನ್ನೂ ಮಾನ್ವಿಯ ಹೊಲ ಕಾಣದ, ಇಂದಿನ ಭತ್ತದ ಗದ್ದೆಗಳೆಲ್ಲ ಒಣ ಎರೆನೆಲವಾಗಿದ್ದ ಕಾಲ ಅದು. ತಮ್ಮ ಊರಿನ ಹೆಸರು, ರೈಲು ಹಳಿ, ಬಂಡಿದಾರಿ ಹುಡುಕಲು ಕುಳಿತ ಮಗುವಿಗೆ ಸೈನ್ಯ ಯಾವ ದಾರಿಯಲ್ಲಿ ಬಂದಿರಬಹುದು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. 2014ರಲ್ಲಿ ‘ಬ್ರಿಟಿಷ್ ಪಾಥೆ’ ಸಂಸ್ಥೆ ಯೂಟ್ಯೂಬ್‌ಗೆ ಏರಿಸಿದ ಸುಮಾರು 85 ಸಾವಿರ ಸುದ್ದಿಚಿತ್ರಗಳಲ್ಲಿ ನಿಜಾಮರ ಹೈದರಾಬಾದಿನವೂ ಸೇರಿವೆ. ಇವನ್ನು ತೋರಿಸುವ ಮುನ್ನ ಧ್ವನಿ ತೆಗೆದು ಒಮ್ಮೆ, ಧ್ವನಿ ಸಹಿತ ಇನ್ನೊಮ್ಮೆ ತೋರಿಸಿದರೆ, ಚಿತ್ರ ಹೇಳುವುದು ಯಾವುದು, ನಿರೂಪಕ ಹೇಳುವುದು ಯಾವುದು ಎಂಬ ವ್ಯತ್ಯಾಸ ಮಕ್ಕಳಿಗೆ ಹೊಳೆಯುತ್ತದೆ.

ಕಷ್ಟದ ಕಡತ

ಎಲ್ಲ ದಾಖಲೆಗಳೂ ಇಷ್ಟು ಸರಳವಲ್ಲ. ಕಾರ್ಯಾಚರಣೆಯ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಸುದ್ದಿ ದೆಹಲಿ ತಲುಪಿದಾಗ ಪ್ರಧಾನಿ ನೆಹರೂ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಸಂಸ್ಥಾನಕ್ಕೆ ಕಳುಹಿಸಿದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಆ ತಂಡ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿತು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದ ನಡುವೆ ಇರಬಹುದೆಂದು ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿತು. ರಾಯಚೂರು ಆ ನಾಲ್ಕರಲ್ಲಿ ಇರಲಿಲ್ಲ. ರಜಾಕಾರರ ಕ್ರೌರ್ಯವನ್ನೂ ವರದಿ ಮುಚ್ಚಿಡಲಿಲ್ಲ. ಹಿಂದೂ ನೆರೆಹೊರೆಯವರು ಮುಸ್ಲಿಮರನ್ನು ಕಾಪಾಡಿದ ಪ್ರಸಂಗಗಳನ್ನೂ ದಾಖಲಿಸಿತು. ಸರ್ದಾರ್ ಪಟೇಲ್ ಅದನ್ನು ಒಪ್ಪಲಿಲ್ಲ. ವರದಿ ಅಧಿಕೃತವಾಗಿ ಪ್ರಕಟವಾಗಲೇ ಇಲ್ಲ.

ಅದು ಹೊರಬಂದ ಬಗೆಯೇ ಒಂದು ಪಾಠ. ಇತಿಹಾಸಕಾರ ಉಮರ್ ಖಾಲಿದಿ 1988ರ ತಮ್ಮ ಪುಸ್ತಕದಲ್ಲಿ ಅದರ ಭಾಗಗಳನ್ನು ಸೇರಿಸಿದರು. ಎ.ಜಿ. ನೂರಾನಿ 2001ರ ಮಾರ್ಚ್‌ನಲ್ಲಿ ‘ಫ್ರಂಟ್‌ಲೈನ್’ ಪತ್ರಿಕೆಯಲ್ಲಿ ಬರೆದ ಲೇಖನ ಜಾಲದ ಓದುಗರಿಗೂ ಸಿಕ್ಕಿತು. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ, ಅಂದರೆ 2023ರಿಂದ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಎಂದಾಗಿರುವಲ್ಲಿ, ವರದಿ ಓದಲು ದೊರೆಯಿತು. ಆಗ ಬಿಬಿಸಿ ಅದರ ಬಗ್ಗೆ ವರದಿ ಮಾಡಿತು.

ಇದನ್ನು ಹದಿನೈದರ ಮಕ್ಕಳಿಗೆ ಕಲಿಸಬಹುದೇ? ಮಾನ್ವಿಯ ಒಂದೇ ಬೆಂಚಿನಲ್ಲಿ ರಜಾಕಾರರ ಕಾಲದಲ್ಲಿ ಊರು ಬಿಟ್ಟವರ ಮನೆಯ ಮಗು, ಸೆಪ್ಟೆಂಬರ್ ನಂತರ ಮನೆ ಕಳೆದುಕೊಂಡವರ ಮನೆಯ ಮಗು ಎರಡೂ ಕುಳಿತಿರಬಹುದು. ಒಂದು ಕಡತವನ್ನು ಮಾತ್ರ ಓದಿಸಿದರೆ ಆ ಬೆಂಚಿನ ಮಧ್ಯೆ ಗೋಡೆ ಏಳುತ್ತದೆ. ಶ್ವೇತಪತ್ರದಲ್ಲಿರುವ ರಜಾಕಾರರ ಕೃತ್ಯಗಳ ಭಾಗ ಮತ್ತು ಸುಂದರಲಾಲ್ ವರದಿಯ ಆಯ್ದ ಭಾಗಗಳನ್ನು ಒಂದೇ ಅವಧಿಯಲ್ಲಿ, ಹೆಸರು ಹಾಗೂ ಘೋರ ವಿವರ ಕೈಬಿಟ್ಟು ಓದಿಸುವುದು ಕ್ಷೇಮ. ಅಂದಾಜಿನ ಸಂಖ್ಯೆಗೂ ಎಣಿಸಿದ ಸಂಖ್ಯೆಗೂ ಇರುವ ಅಂತರವನ್ನು ಮೊದಲು ವಿವರಿಸಬೇಕು. ಮನೆಯವರ ಕಥೆ ಹೇಳೆಂದು ಯಾವ ಮಗುವನ್ನೂ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಬಾರದು. ಬೇಡವೆಂದು ಬಿಟ್ಟುಬಿಡುವುದೂ ಪರಿಹಾರವಲ್ಲ. ಏಕೆಂದರೆ ಅರ್ಧ ಸತ್ಯದ ಕಿರುಚಿತ್ರಗಳು ಪ್ರತಿ ಸೆಪ್ಟೆಂಬರ್‌ನಲ್ಲಿ ಅದೇ ಮಕ್ಕಳ ಮೊಬೈಲ್‌ಗೆ ಬರುತ್ತಲೇ ಇವೆ.

ಭಾಷೆ ಮತ್ತು ಸಂಪರ್ಕ

ದೊಡ್ಡ ತೊಡಕು ಭಾಷೆಯದು. ಜಾಲದಲ್ಲಿರುವ ದಾಖಲೆಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿವೆ. ನಿಜಾಮ ಆಡಳಿತದ ಕಡತಗಳು ಉರ್ದುವಿನಲ್ಲಿದ್ದು ಹೈದರಾಬಾದಿನ ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿವೆ. ಕನ್ನಡ ಮಾಧ್ಯಮದ ಶಿಕ್ಷಕರು ಪ್ರತಿ ದಾಖಲೆಯಿಂದ ಹತ್ತು ಸಾಲು ಆಯ್ದು ಅನುವಾದಿಸಿಕೊಂಡರೆ ಒಂದು ಪಾಠಕ್ಕೆ ಸಾಕು. ಇಡೀ ಕಡತ ಬೇಕಿಲ್ಲ. ರಾಯಚೂರಿಗೆ ಇನ್ನೊಂದು ಅನುಕೂಲವಿದೆ: ಇಲ್ಲಿ ಉರ್ದು ಓದಬಲ್ಲವರು ಇಂದಿಗೂ ಓಣಿ ಓಣಿಯಲ್ಲಿದ್ದಾರೆ. ಪಂಡಿತ ತಾರಾನಾಥರು 1920ರ ಸುಮಾರಿಗೆ ಹಮ್‌ದರ್ದ್ ಶಾಲೆ ಕಟ್ಟಿ ಎರಡೂ ಸಮುದಾಯಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿದ ಊರು ಇದು. ಕನ್ನಡ ಶಾಲೆಯ ಹತ್ತು ಮಕ್ಕಳೂ ಉರ್ದು ಶಾಲೆಯ ಹತ್ತು ಮಕ್ಕಳೂ ಒಂದು ಹಳೆಯ ಕಾಗದವನ್ನು ಕೂಡಿ ಓದುವುದು ಇಲ್ಲಿ ಅಸಾಧ್ಯವಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇದ್ದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲ. ಇಂತಹ ಕಡೆ ತರಗತಿಯಲ್ಲಿ ನೇರ ಸಂಪರ್ಕವನ್ನು ನಂಬಿ ಪಾಠ ಯೋಜಿಸುವುದು ವ್ಯರ್ಥ. ಶಿಕ್ಷಕರು ಪಟ್ಟಣದಲ್ಲಿ ದಾಖಲೆ ಇಳಿಸಿಕೊಂಡು, ಮುದ್ರಿಸಿ, ಗುಂಪಿಗೊಂದು ಪ್ರತಿ ಹಂಚುವುದೇ ನಡೆಯುವ ಕ್ರಮ. ಕಾಗದ ಕೈಯಲ್ಲಿದ್ದರೆ ಅಂಚಿನಲ್ಲಿ ಗುರುತು ಹಾಕಲೂ ಬರುತ್ತದೆ. ಅಂದಹಾಗೆ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು 1915ರಲ್ಲಿ ಜಗತ್ತಿಗೆ ತಿಳಿಸಿದ ಮಸ್ಕಿ ಶಾಸನ ಇದೇ ಜಿಲ್ಲೆಯದು. ಅದನ್ನು ಓದಲು ವಿದ್ಯುತ್ ಬೇಕಿರಲಿಲ್ಲ.

ಉಳಿದಿರುವ ಧ್ವನಿಗಳು

1948ರಲ್ಲಿ ಹತ್ತು ವರ್ಷವಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದಲ್ಲಿ ಆರಂಭವಾದ ಯೋಧರ ಇತಿಹಾಸ ಯೋಜನೆಯಡಿ, ಹತ್ತನೆಯ ತರಗತಿ ಮತ್ತು ಮೇಲಿನ ವಿದ್ಯಾರ್ಥಿಗಳು ಮಾಡಿದ ಸಂದರ್ಶನಗಳನ್ನೂ ಸ್ವೀಕರಿಸುತ್ತದೆ. ಸಂದರ್ಶನ ಕನಿಷ್ಠ 30 ನಿಮಿಷ ಇರಬೇಕು, ಮಾತನಾಡಿದವರ ಲಿಖಿತ ಒಪ್ಪಿಗೆ ಬೇಕು ಎಂಬುದು ಅದರ ನಿಯಮ. ಇದೇ ನಿಯಮ ದೇವದುರ್ಗದ ಹಳ್ಳಿಗೂ ಹೊಂದುತ್ತದೆ. ಮೊಬೈಲ್ ದೂರವಾಣಿಯ ಧ್ವನಿಮುದ್ರಣ ಸಾಕು. ದಿನಾಂಕ, ಊರು, ಮಾತನಾಡಿದವರ ವಯಸ್ಸು ಮೊದಲಿಗೆ ದಾಖಲಾಗಬೇಕು. ‘ರಜಾಕಾರರು ಏನು ಮಾಡಿದರು?’, ‘ಸೈನ್ಯ ಏನು ಮಾಡಿತು?’ ಎಂಬ ಪ್ರಶ್ನೆಗಳಿಗೆ ಕೇಳಿದ ಕಥೆಯೇ ಉತ್ತರವಾಗಿ ಬರುವುದುಂಟು. ಅದಕ್ಕೆ ಬದಲಾಗಿ, ಆ ವಾರ ಮನೆಯಲ್ಲಿ ಯಾರಿದ್ದರು, ಸುದ್ದಿ ತಂದವರು ಯಾರು, ಸಂತೆ ನಡೆಯಿತೇ, ರಾತ್ರಿ ಎಲ್ಲಿ ಮಲಗಿದಿರಿ, ಚಲಾವಣೆಯಲ್ಲಿದ್ದ ಹಾಲಿ ಸಿಕ್ಕಾ ನಾಣ್ಯ ಯಾವಾಗ ನಿಂತಿತು ಎಂದು ಕೇಳಿದರೆ ಕಂಡದ್ದು ಹೊರಬರುತ್ತದೆ. ಮುದ್ರಣದ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಮಾತನಾಡಿದವರ ಮನೆಯಲ್ಲಿ ಉಳಿಯಬೇಕು.