ಕೋಡಿಮಠದಿಂದ ಸಂಘದ ಜಗಲಿಯವರೆಗೆ



ಸಾಲ, ಷೇರು, ಠೇವಣಿಗಳ ವಿವರ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ನಾನು ಬರೆಯಹೊರಟಿದ್ದು ಯಾವ ಲೆಡ್ಜರಿನಲ್ಲೂ ಸಿಗದ ಆಸ್ತಿಯ ವಿಚಾರ. ಅದು ಜನರ ಒಡನಾಟ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನವನ್ನು ನೀವೆಲ್ಲ ನೋಡಿರುತ್ತೀರಿ. ಅಲ್ಲಿದ್ದ ಕೋಡಿಮಠದ ವರ್ಣನೆ ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನದಲ್ಲಿದೆ. ಬಡವರು, ಕುರುಡರು, ಕುಂಟರು, ಕಿವುಡರಿಗೆ ಅಲ್ಲಿ ಊಟವಿತ್ತು. ವೇದ, ವ್ಯಾಕರಣದ ಪಾಠವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವಿತ್ತು. ಕಥೆ ಹೇಳುವವರು, ಹಾಡುವವರಿಗೂ ಅಲ್ಲೇ ಅನ್ನ. ಮದ್ದಿನ ಜೊತೆಗೆ ನಾಲ್ಕು ಜನರ ಮಾತೂ ಬೇಕು ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿತ್ತೇನೋ!

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಉಣುಗು ಕಚ್ಚಿ ಬರುವ ಜ್ವರ ಅದು. ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದನ್ನು ಕಂಡವರು ಕೂಡಲೇ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಿದರೆ ಊರಿಗೇ ಎಚ್ಚರಿಕೆ ಸಿಗುತ್ತದೆ. ಇಲ್ಲಿ ಬಾಯಿಮಾತೇ ಮೊದಲ ರಕ್ಷಣೆ.

ವಿಜ್ಞಾನವೂ ಇದನ್ನೇ ಹೇಳುತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7 ಸಾವಿರ ಜನರನ್ನು 9 ವರ್ಷ ಗಮನಿಸಿದ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ನಂಟರು, ಸ್ನೇಹಿತರು, ಸಂಘಸಂಸ್ಥೆಗಳ ಒಡನಾಟ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚಾಗಿತ್ತು. 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಮೀರಿದ ಜನರ ಮಾಹಿತಿಯನ್ನು, ಒಟ್ಟಾಗಿ ನೋಡಿದರು. ಒಳ್ಳೆಯ ಒಡನಾಟ ಇದ್ದವರು ಬದುಕುಳಿಯುವ ಸಂಭವ ಶೇ. 50ರಷ್ಟು ಹೆಚ್ಚು ಕಂಡಿತು. ಹಾಗಂತ ಬಿ.ಪಿ. ಮಾತ್ರೆ ಬಿಡಬೇಡಿ. ಮಾತ್ರೆ ತಗೊಂಡ್ರಾ ಅಂತ ಕೇಳೋರು ಒಬ್ಬರಿರಬೇಕು, ಅಷ್ಟೇ.

ಹಿಂದೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದೆವು. ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅನ್ನೋದು ಗದ್ದೆಯಲ್ಲೇ ತಿಳಿಯುತ್ತಿತ್ತು. ಆದರೆ ಹಳೇ ಕಾಲವನ್ನು ಬರೀ ಹೊಗಳುವುದೂ ಬೇಡ. ಆಗಿನ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ, ಜಾತಿ ನೋಡಿ ಕೂರಿಸುತ್ತಿದ್ದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ದಾರಿಯಲ್ಲೇ ನಮ್ಮ ಸಂಘವೂ ಬಂದಿದೆ. ಇಲ್ಲಿ ಪ್ರತಿ ಸದಸ್ಯನಿಗೂ ಒಂದೇ ಮತ. ಈ ಜಗಲಿ ಎಲ್ಲರದ್ದು.

ಇವತ್ತು ಮಕ್ಕಳು ಬೆಂಗಳೂರಲ್ಲಿ, ದೊಡ್ಡ ಮನೆಯಲ್ಲಿ ವಯಸ್ಸಾದವರು ಇಬ್ಬರೇ. ಕೆಲವು ಮನೆಯಲ್ಲಿ ಒಬ್ಬರೇ. ಆದ್ದರಿಂದ ನನ್ನದೊಂದು ವಿನಂತಿ. ಸಾಲದ ಕಂತು ತಪ್ಪಿದರೆ ನೋಟೀಸು ಕಳಿಸುತ್ತೇವೆ. ಹಿರಿಯ ಸದಸ್ಯರೊಬ್ಬರು ಎರಡು ವಾರ ಸಂಘದ ಕಡೆ ಕಾಣದಿದ್ದರೆ ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ, "ಹುಷಾರಾಗಿದೀರಾ?" ಅಂತ ಕೇಳಿಬರೋಣ. ಅದಕ್ಕೆ ಠರಾವು ಬೇಕಿಲ್ಲ.