ನೀರುನಾಯಿ ಕಾಯ್ದ ಕಡಲ ಕಾಡು

ಮರವೇ ಇಲ್ಲದ ಕಾಡು ಇರುವುದುಂಟೆ? ಉಂಟು, ಅದೂ ನೀರಿನಡಿಯಲ್ಲಿ. ತಣ್ಣೀರಿನ ಕಡಲುಗಳಲ್ಲಿ ಕೆಲ್ಪ್ ಎಂಬ ಕಂದು ಪಾಚಿ ತಳದ ಬಂಡೆಗಳನ್ನು ಕಚ್ಚಿ ಹಿಡಿದು ಮೇಲ್ಮುಖವಾಗಿ ಬೆಳೆಯುತ್ತದೆ. ಅದರಲ್ಲಿ ಕೆಲವು ಜಾತಿಗಳು ಒಂದೇ ದಿನದಲ್ಲಿ ಅರ್ಧ ಮೀಟರಿನಷ್ಟು ಬೆಳೆಯಬಲ್ಲವು. ಮೀನು, ಏಡಿ, ಶಂಖದ ಹುಳುಗಳಿಗೆ ಈ ಕಾಡೇ ಮನೆ, ಇದೇ ಅನ್ನ. 1834ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಇದನ್ನು ಕಂಡ ಚಾರ್ಲ್ಸ್ ಡಾರ್ವಿನ್, ಇದನ್ನೇ ನೆಚ್ಚಿ ಬದುಕುವ ಜೀವಿಗಳ ಲೆಕ್ಕ ನೋಡಿ ಬೆರಗಾಗಿದ್ದ.

ಈ ಕಾಡನ್ನು ಕಾಯುವವರು ಯಾರು? ಉತ್ತರ ಸಿಕ್ಕಿದ್ದು 1970ರ ದಶಕದಲ್ಲಿ. ಆದರೆ ಕಥೆ ಅದಕ್ಕಿಂತ ಇನ್ನೂರಮೂವತ್ತು ವರ್ಷ ಹಿಂದಿನದು.

ತೊಗಲಿನ ಆಸೆ

1741ರಲ್ಲಿ ವಿಟಸ್ ಬೇರಿಂಗ್‌ನ ರಷ್ಯನ್ ಹಡಗು ಕಾಮ್ಚಾಟ್ಕಾದ ಪೂರ್ವಕ್ಕಿರುವ ನಿರ್ಜನ ದ್ವೀಪವೊಂದರಲ್ಲಿ ಒಡೆಯಿತು. ಬೇರಿಂಗ್ ಅಲ್ಲೇ ಸತ್ತ. ಬದುಕುಳಿದವರು ಮರುವರ್ಷ ಊರಿಗೆ ಮರಳಿದಾಗ ಅವರ ಬಳಿ ನೂರಾರು ಕಡಲ ನೀರುನಾಯಿಗಳ ತೊಗಲುಗಳಿದ್ದವು. ನಮ್ಮ ತುಂಗಭದ್ರೆಯ ನೀರುನಾಯಿಗೆ ಇದು ದೂರದ ನೆಂಟ. ತಿಮಿಂಗಿಲ, ಸೀಲ್‌ಗಳಂತೆ ಇದಕ್ಕೆ ಚರ್ಮದಡಿ ಕೊಬ್ಬಿನ ಹೊದಿಕೆಯಿಲ್ಲ. ಚಳಿ ತಡೆಯಲು ಇರುವುದು ತುಪ್ಪಳ ಮಾತ್ರ. ಸಸ್ತನಿಗಳಲ್ಲೇ ಅತ್ಯಂತ ದಟ್ಟವಾದ ತುಪ್ಪಳ ಇದರದು. ಅದೇ ಇದಕ್ಕೆ ಮುಳುವಾಯಿತು.

ಚೀನಾದ ಸಿರಿವಂತರು ಈ ತೊಗಲಿಗೆ ಕೇಳಿದಷ್ಟು ಬೆಲೆ ಕೊಟ್ಟರು. ರಷ್ಯನ್ ವ್ಯಾಪಾರಿಗಳು ಅಲ್ಯೂಷಿಯನ್ ದ್ವೀಪಗಳಿಗೆ ಮುಗಿಬಿದ್ದು, ಅಲ್ಲಿನ ಮೂಲನಿವಾಸಿಗಳನ್ನು ಬಲವಂತವಾಗಿ ಬೇಟೆಗೆ ದುಡಿಸಿಕೊಂಡರು. ಜಪಾನಿನ ಉತ್ತರದಿಂದ ಮೆಕ್ಸಿಕೋವರೆಗೆ ಒಂದೂವರೆ ಲಕ್ಷದಿಂದ ಮೂರು ಲಕ್ಷದಷ್ಟಿದ್ದವೆಂದು ಅಂದಾಜಿಸಲಾದ ನೀರುನಾಯಿಗಳಲ್ಲಿ 1911ರ ಹೊತ್ತಿಗೆ ಉಳಿದದ್ದು ಒಂದೆರಡು ಸಾವಿರ. ಆ ವರ್ಷ ಅಮೆರಿಕ, ರಷ್ಯ, ಜಪಾನ್ ಮತ್ತು ಬ್ರಿಟನ್ ಒಪ್ಪಂದ ಮಾಡಿಕೊಂಡು ಬೇಟೆಗೆ ತಡೆ ಹಾಕಿದವು.

ತಿರುಗಿಸಿ ಕೇಳಿದ ಪ್ರಶ್ನೆ

ನಂತರ ನೀರುನಾಯಿಗಳು ಕೆಲವು ದ್ವೀಪಗಳಲ್ಲಿ ಚೇತರಿಸಿಕೊಂಡವು, ಕೆಲವಕ್ಕೆ ಮರಳಲೇ ಇಲ್ಲ. ಯಾರೂ ಯೋಜಿಸದ ಒಂದು ಪ್ರಯೋಗ ಹೀಗೆ ತಾನಾಗಿಯೇ ಸಿದ್ಧವಾಗಿತ್ತು.

ವಿಜ್ಞಾನಿಗಳನ್ನು ಅಲ್ಲಿಗೆ ಕರೆದೊಯ್ದದ್ದು ಅಣುಬಾಂಬು. ಆಮ್‌ಚಿಟ್ಕಾ ದ್ವೀಪದ ನೆಲದಡಿ ಅಮೆರಿಕ 1965, 1969 ಮತ್ತು 1971ರಲ್ಲಿ ಅಣು ಪರೀಕ್ಷೆ ನಡೆಸಿತು. ಅದರ ಪರಿಣಾಮ ತಿಳಿಯಲು ಅಣುಶಕ್ತಿ ಆಯೋಗ ಹಣ ಒದಗಿಸಿದ ಅಧ್ಯಯನಕ್ಕೆ 1970ರಲ್ಲಿ ಬಂದವರು ಯುವ ಸಂಶೋಧಕ ಜೇಮ್ಸ್ ಎಸ್ಟೆಸ್. ಕೆಲ್ಪ್ ಕಾಡು ನೀರುನಾಯಿಗಳನ್ನು ಹೇಗೆ ಸಾಕುತ್ತದೆ ಎಂಬುದನ್ನು ತಿಳಿಯುವುದು ಅವರ ಉದ್ದೇಶವಾಗಿತ್ತು. 1971ರಲ್ಲಿ ಭೇಟಿಯಾದ ರಾಬರ್ಟ್ ಪೇನ್ ಪ್ರಶ್ನೆಯನ್ನೇ ತಿರುಗಿಸಿದರು: ನೀರುನಾಯಿ ಕಾಡಿಗೆ ಏನು ಮಾಡುತ್ತದೆ?

ಪೇನ್ ಹಾಗೆ ಕೇಳಲು ಕಾರಣವಿತ್ತು. ವಾಷಿಂಗ್‌ಟನ್ ರಾಜ್ಯದ ಕಡಲತೀರದ ಬಂಡೆಗಳಿಂದ ನಕ್ಷತ್ರಮೀನುಗಳನ್ನು ಅವರು ಕಿತ್ತು ಕಿತ್ತು ಎಸೆದಿದ್ದರು. ತಿನ್ನುವವರಿಲ್ಲದೆ ಹೆಚ್ಚಿದ ಚಿಪ್ಪಿನ ಜೀವಿಗಳು ಬಂಡೆಯನ್ನೆಲ್ಲ ಆಕ್ರಮಿಸಿ ಉಳಿದವನ್ನು ಹೊರದಬ್ಬಿದ್ದವು. ಕಮಾನಿನ ನಡುಗಲ್ಲು ಕಿತ್ತರೆ ಕಮಾನೇ ಕುಸಿಯುವಂತೆ, ಕೆಲವು ಪ್ರಾಣಿಗಳ ಮೇಲೆ ಇಡೀ ಸಮುದಾಯ ನಿಂತಿರುತ್ತದೆ ಎಂದು ಅವರು ವಾದಿಸಿದ್ದರು.

ಎಸ್ಟೆಸ್ ನೀರುನಾಯಿಗಳಿಲ್ಲದ ಷೆಮ್ಯಾ ದ್ವೀಪಕ್ಕೆ ಹೋಗಿ ನೀರಿಗೆ ಧುಮುಕಿದರು. ಆಮ್‌ಚಿಟ್ಕಾದಲ್ಲಿ ದಟ್ಟ ಕಾಡಿದ್ದರೆ ಇಲ್ಲಿ ಬರೀ ಬೋಳು ಬಂಡೆ. ಅದರ ಮೇಲೆ ಹಾಸಿದಂತೆ ಅರ್ಚಿನ್‌ಗಳು. ಮುಳ್ಳುಚೆಂಡಿನಂಥ ಈ ಜೀವಿ ಕೆಲ್ಪನ್ನು ಮೇಯುತ್ತದೆ. ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನುವ ನೀರುನಾಯಿಗೆ ಅರ್ಚಿನ್ ಎಂದರೆ ಹಬ್ಬದೂಟ. ಕಾವಲುಗಾರ ಹೋದ ಕಡೆ ಮೇಯುವವರದೇ ರಾಜ್ಯ. ಎಸ್ಟೆಸ್ ಮತ್ತು ಜಾನ್ ಪಾಲ್ಮಿಸಾನೊ 1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ತೊಗಲಿನ ವ್ಯಾಪಾರಿಗಳು ಕೊಂದದ್ದು ನೀರುನಾಯಿಯನ್ನು. ಅದರ ಜತೆ ಅಳಿದದ್ದು ಒಂದು ಕಾಡು.

ತಿಮಿಂಗಿಲದ ಪ್ರವೇಶ

ಕಥೆ ಅಲ್ಲಿಗೆ ಮುಗಿಯಲಿಲ್ಲ. 1990ರ ದಶಕದಲ್ಲಿ ಅಲ್ಯೂಷಿಯನ್ ನೀರುನಾಯಿಗಳು ಮತ್ತೆ ಕಣ್ಮರೆಯಾಗತೊಡಗಿದವು. ಓರ್ಕಾ ತಿಮಿಂಗಿಲಗಳು ಅವನ್ನು ತಿನ್ನತೊಡಗಿರುವುದೇ ಇದಕ್ಕೆ ಕಾರಣ ಎಂದು ಎಸ್ಟೆಸ್ ಮತ್ತು ಸಂಗಡಿಗರು 1998ರಲ್ಲಿ ವಾದಿಸಿದರು. ಏಡಕ್ ದ್ವೀಪದಲ್ಲಿ ಹತ್ತು ವರ್ಷಗಳಲ್ಲಿ ಅರ್ಚಿನ್‌ಗಳ ಒಟ್ಟು ತೂಕ ಎಂಟು ಪಟ್ಟು ಏರಿತ್ತು. ಕೆಲ್ಪ್ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿದಿತ್ತು. ಸಿದ್ಧಾಂತ ಗೆದ್ದಿತ್ತು, ಕಾಡು ಸೋತಿತ್ತು.

ಹಾಗೆಂದು ನೀರುನಾಯಿ ಎಲ್ಲರಿಗೂ ಬೇಕಾದ ಪ್ರಾಣಿಯೇನೂ ಅಲ್ಲ. 1960ರ ದಶಕದಲ್ಲಿ ಆಮ್‌ಚಿಟ್ಕಾದಿಂದ ಸಾಗಿಸಿ ಬಿಟ್ಟ ನೀರುನಾಯಿಗಳ ಸಂತತಿ ಆಗ್ನೇಯ ಅಲಾಸ್ಕದಲ್ಲಿ ಹೆಚ್ಚಿದೆ. ತಾವು ಹಿಡಿಯಬೇಕಾದ ಏಡಿಯನ್ನು ಅವು ತಿನ್ನುತ್ತಿವೆ ಎಂಬುದು ಅಲ್ಲಿನ ಮೀನುಗಾರರ ದೂರು. ನೀರುನಾಯಿಗಳಿಲ್ಲದಿದ್ದ ಕಾಲದಲ್ಲಿ ಏಡಿ, ಚಿಪ್ಪುಗಳು ಹೇರಳವಾಗಿ ಸಿಗುತ್ತಿದ್ದವು. ಅಲ್ಲಿನ ಮೀನುಗಾರಿಕೆ ಬೆಳೆದದ್ದು ಆ ಲೆಕ್ಕದ ಮೇಲೆ. ಒಮ್ಮೆ ಕಳಚಿದ ಕೊಂಡಿಯನ್ನು ಮತ್ತೆ ಜೋಡಿಸುವಾಗ ಯಾರೋ ಒಬ್ಬರ ಹೊಟ್ಟೆಪಾಡಿಗೆ ಪೆಟ್ಟು ಬೀಳುತ್ತದೆ ಎಂಬುದೂ ಈ ಕಡಲ ಕಾಡು ಕಲಿಸಿದ ಪಾಠವೇ.