ಸಯನ್‌ನಿಂದ ಕೊಲಾಬಾಕ್ಕೆ: ಊರಚರ್ಚಿನ ನಾಲ್ಕು ಶತಮಾನ

ಮುಂಬಯಿ ಕನ್ನಡಿಗರಿಗೆ ಸಯನ್ ಎಂದರೆ ಗೋಕುಲ, ದೊಡ್ಡಾಸ್ಪತ್ರೆ, ಗುಡ್ಡದ ಮೇಲಿನ ಕೋಟೆ. 1669ರಿಂದ 1677ರ ನಡುವೆ ಈಸ್ಟ್ ಇಂಡಿಯಾ ಕಂಪನಿ ಆ ಕೋಟೆ ಕಟ್ಟುವಾಗ ಇಲ್ಲಿ ಊರಚರ್ಚು ಬಂದು ಮುಕ್ಕಾಲು ಶತಮಾನವೇ ಕಳೆದಿತ್ತು. ಪೋರ್ಚುಗೀಸರ ಕಾಲದ ಫ್ರಾನ್ಸಿಸ್ಕನ್ ಪಾದ್ರಿಗಳು 1596ರಲ್ಲಿ ಸಯನ್‌ನಲ್ಲಿ ಅವರ್ ಲೇಡಿ ಆಫ್ ಗುಡ್ ಕೌನ್ಸೆಲ್, ದಾದರಿನಲ್ಲಿ ಅವರ್ ಲೇಡಿ ಆಫ್ ಸಾಲ್ವೇಶನ್ ಚರ್ಚುಗಳನ್ನು ಸ್ಥಾಪಿಸಿದರು. ಮಾಹಿಮಿನ ಸೇಂಟ್ ಮೈಕೆಲ್ 1534ರದು, ಇನ್ನೂ ಹಳೆಯದು. ಇಂಗ್ಲಿಷರ ಗಾಥಿಕ್ ಶಿಖರ ಈ ದ್ವೀಪಗಳಲ್ಲಿ ತಲೆಯೆತ್ತುವ ಎಷ್ಟೋ ಮೊದಲು ಮೀನುಗಾರರೂ ರೈತರೂ ತಮ್ಮದೆಂದು ಹೇಳಿಕೊಳ್ಳುವ ಚರ್ಚುಗಳು ಇಲ್ಲಿದ್ದವು. ನಗರದ ಚರ್ಚುಗಳ ಬಗ್ಗೆ ಬರೆಯುವವರು ಕೊಲಾಬಾದಿಂದ ಶುರುಮಾಡಿ ಉತ್ತರಕ್ಕೆ ಬರುವುದೇ ರೂಢಿ. ಸಯನ್‌ನಿಂದ ಹೊರಟರೆ ಕಥೆ ಬೇರೆಯಾಗಿ ಕಾಣುತ್ತದೆ.

ಆದರೆ ಇಂಗ್ಲಿಷರು ಮುಂದೆ ಕೊಲಾಬಾದಲ್ಲಿ ಕಟ್ಟಿದ ಗಾಥಿಕ್ ಚರ್ಚು ಯಾವುದನ್ನು ಮಾದರಿಯಾಗಿ ಇಟ್ಟುಕೊಂಡಿತು ಎಂಬುದನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ಗೆಲುವಿನ ಮೇಲೆ ಹಳ್ಳಿಹಳ್ಳಿಯ ಚರ್ಚುಗಳು ಕಲ್ಲಿನಲ್ಲಿ ಮತ್ತೆ ಎದ್ದವು: ದಪ್ಪ ಗೋಡೆ, ಅರೆವೃತ್ತದ ಕಮಾನು, ಸಣ್ಣ ಕಿಟಕಿ. ಹನ್ನೆರಡನೆಯ ಶತಮಾನದ ಕೊನೆಗೆ ಚೂಪುಕಮಾನು ಬಂತು. ಹದಿನಾಲ್ಕರಲ್ಲಿ ಕಿಟಕಿಯ ತಲೆಯಲ್ಲಿ ಕಲ್ಲಿನ ಬಳ್ಳಿಕೆಲಸ ಅರಳಿತು. 1348–49ರ ಮಹಾಮಾರಿ ಎಷ್ಟೋ ಕಡೆ ಕೆಲಸ ನಿಲ್ಲಿಸಿತು. ಆಮೇಲೆ ಉಣ್ಣೆ ವ್ಯಾಪಾರದ ಹಣ ಹರಿದಾಗ ಸಫೋಕ್‌ನ ಲ್ಯಾವೆನ್‌ಹ್ಯಾಮ್‌ನಂಥ ಊರುಗಳಲ್ಲಿ ಗೋಡೆಗಿಂತ ಗಾಜೇ ಹೆಚ್ಚೆನ್ನುವಂಥ ಎತ್ತರದ ಚರ್ಚುಗಳು ಎದ್ದವು. ಇವೆಲ್ಲ ಹಲವು ಬಾರಿ ಒಂದೇ ಕಟ್ಟಡದಲ್ಲಿ ಸಿಗುತ್ತವೆ. 1117ರ ಬೇಲೂರಿನ ಗುಡಿಗೆ ವಿಜಯನಗರದವರ ಕಾಲದ ಗೋಪುರ ಸೇರಿದ್ದನ್ನು ಕಂಡವರಿಗೆ ಇದು ಹೊಸತಲ್ಲ.

ಹೀಗೆ ತೇಪೆತೇಪೆಯಾಗಿ ಬೆಳೆಯಲು ಒಂದು ಕಾರಣ ಖರ್ಚಿನ ಹಂಚಿಕೆ. ಬಲಿಪೀಠವಿರುವ ಪೂರ್ವಭಾಗದ ದುರಸ್ತಿ ದಶಾಂಶ ಕಾಣಿಕೆ ಪಡೆಯುವ ಪಾದ್ರಿಯದು. ಜನ ನಿಲ್ಲುವ ನಡುಅಂಕಣದ ದುರಸ್ತಿ ಊರಿನವರದು. ಹದಿಮೂರನೆಯ ಶತಮಾನದ ಹೊತ್ತಿಗೆ ಇದು ಕಟ್ಟಳೆಯಾಗಿ ನೆಲೆನಿಂತಿತ್ತು. ನಡುಅಂಕಣ ಅಗಲವಾಗಿ, ಬಲಿಪೀಠದ ಭಾಗ ಹಳೆಯದಾಗಿಯೇ ಉಳಿದಿದ್ದರೆ ಊರಿನ ಕೈಯಲ್ಲಿ ದುಡ್ಡಿತ್ತು, ಪಾದ್ರಿ ಕೈ ಬಿಚ್ಚಲಿಲ್ಲ ಎಂದು ಎಷ್ಟೋ ಸಲ ಊಹಿಸಬಹುದು. ಹದಿನಾರನೆಯ ಶತಮಾನದ ಮತಸುಧಾರಣೆ ಗೋಡೆಚಿತ್ರಗಳ ಮೇಲೆ ಸುಣ್ಣ ಬಳಿಯಿತು.

1839ರಲ್ಲಿ ಕೇಂಬ್ರಿಜ್‌ನ ಕೆಲವು ಯುವಕರು ಕ್ಯಾಮ್ಡೆನ್ ಸೊಸೈಟಿ ಕಟ್ಟಿ, ಈ ಹಳ್ಳಿ ಚರ್ಚುಗಳನ್ನು ಅಳೆದು, ಹೊಸದನ್ನು ಹೇಗೆ ಕಟ್ಟಬೇಕೆಂದು ನಿಯಮ ಹೇಳತೊಡಗಿದರು. ಹದಿಮೂರು–ಹದಿನಾಲ್ಕನೆಯ ಶತಮಾನದ ರೂಪವೇ ಅವರಿಗೆ ಆದರ್ಶ. ಕೇಂಬ್ರಿಜ್ ಬಳಿಯ ಲಾಂಗ್‌ಸ್ಟ್ಯಾಂಟನ್ ಹಳ್ಳಿಯ ಪುಟ್ಟ ಚರ್ಚಿನ ನಕ್ಷೆ ಕಡಲು ದಾಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮತ್ತೊಂದು ಚರ್ಚಾಯಿತು.

ಮುಂಬಯಿಗೆ ಆ ಅಲೆ ತಲುಪಿದ್ದು ಮೊದಲ ಅಫ್ಘಾನ್ ಯುದ್ಧದಲ್ಲಿ ಸತ್ತವರ ನೆನಪಿಗಾಗಿ. ಅದಕ್ಕೂ ಮೊದಲು ಇಂಗ್ಲಿಷರ ಮುಖ್ಯ ಚರ್ಚು ಕೋಟೆಯೊಳಗಿನ ಸೇಂಟ್ ಥಾಮಸ್. ಗವರ್ನರ್ ಆಂಜಿಯರ್ 1676ರಲ್ಲಿ ಆರಂಭಿಸಿದ ಅದು ದಶಕಗಟ್ಟಲೆ ಅರ್ಧಕ್ಕೇ ನಿಂತು, 1718ರ ಕ್ರಿಸ್ಮಸ್‌ಗೆ ತೆರೆಯಿತು. ಚರ್ಚ್‌ಗೇಟ್ ಎಂಬ ಹೆಸರು ಅದರ ಬಳುವಳಿ. ಕೊಲಾಬಾದ ಹೊಸ ಚರ್ಚಿಗೆ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಕಳಿಸಿದ ನಕ್ಷೆ ದುಬಾರಿಯೆಂದು ಬದಿಗೆ ಸರಿಯಿತು. (ಅದೇ ಸ್ಕಾಟ್ ಮುಂದೆ ರಾಜಾಬಾಯಿ ಗೋಪುರದ ನಕ್ಷೆ ಕೊಟ್ಟ.) ನಗರದ ಎಂಜಿನಿಯರ್ ಹೆನ್ರಿ ಕಾನಿಬೇರ್ ಬರೆದ ನಕ್ಷೆಯಂತೆ 1847ರಲ್ಲಿ ಅಡಿಗಲ್ಲು ಬಿತ್ತು, 1858ರ ಜನವರಿಯಲ್ಲಿ ಪ್ರತಿಷ್ಠೆಯಾಯಿತು. ಸುಮಾರು 60 ಮೀಟರ್ ಎತ್ತರದ ಶಿಖರ ಮುಗಿದದ್ದು 1865ರಲ್ಲಿ. ಅದಕ್ಕೆ ಪಾರ್ಸಿ ದಾನಿ ಕಾವಸ್‌ಜಿ ಜಹಾಂಗೀರ್ ಅವರ ನೆರವಿತ್ತು. ಹೊರಗೆ ಇಲ್ಲಿನದೇ ಕಲ್ಲು, ಒಳಗೆ ಪೋರಬಂದರಿನ ಕಲ್ಲು, ನೆಲಕ್ಕೆ ಇಂಗ್ಲೆಂಡಿನ ಬಣ್ಣದ ಹೆಂಚು, ಕಿಟಕಿಗೆ ವಿಲಿಯಂ ವೇಲ್ಸ್‌ನ ಗಾಜು. ಪಶ್ಚಿಮದ ಬಿಸಿಲು ಆ ಗಾಜಿನಿಂದ ಇಳಿಯುವುದನ್ನು ನೋಡಿದವರು ಅದನ್ನು ಬರಿಯ ಅನುಕರಣೆಯೆಂದು ತಳ್ಳಿಹಾಕಲಾರರು, ನಾನೂ ತಳ್ಳಿಹಾಕುವುದಿಲ್ಲ. ಆದರೆ ಇದು ದಂಡಿನ ಚರ್ಚು, ಸ್ಮಾರಕ. ತಲೆಮಾರುಗಳ ಕಾಲ ತೇಪೆ ಹಾಕುತ್ತ, ಒಂದೊಂದು ಅಂಕಣ ಸೇರಿಸುತ್ತ ಬಂದ ಹಳ್ಳಿ ಅದರ ಹಿಂದೆ ಇರಲಿಲ್ಲ. ಮಧ್ಯಯುಗದ ರೂಪ ಪೂರಾ ಬಂತು, ಆ ರೂಪವನ್ನು ಬೆಳೆಸಿದ ಊರು ಬರಲಿಲ್ಲ.

ಆ ಊರು ಇದ್ದದ್ದು ಪೋರ್ಚುಗೀಸ್ ಮೂಲದ ಧರ್ಮಕೇಂದ್ರಗಳಲ್ಲಿ. ಅಲ್ಲಿ ಜನ ಹಳೆಯ ಗೋಡೆಗಳಿಗೆ ಅಂಟಿಕೊಳ್ಳಲಿಲ್ಲ. ಮಜಗಾಂವ್‌ನಲ್ಲಿ 1632ರಲ್ಲಿ ಹುಟ್ಟಿದ ಗ್ಲೋರಿಯಾ ಚರ್ಚು 1911–13ರಲ್ಲಿ ಬೈಕಳಾದಲ್ಲಿ ಮರುಹುಟ್ಟು ಪಡೆಯುವಾಗ ಇಂಗ್ಲಿಷ್ ಗಾಥಿಕ್ ವೇಷವನ್ನೇ ತೊಟ್ಟಿತು. ಮಾಹಿಮಿನ ಈಗಿನ ಸೇಂಟ್ ಮೈಕೆಲ್ ಕಟ್ಟಡ 1973ರದು. ದಾದರಿನವರು ಮುಂದಿನ ವರ್ಷಗಳಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿಗೆ ಕೆಲಸ ಒಪ್ಪಿಸಿದರು. 1977ಕ್ಕೆ ಮುಗಿದ ಆ ಕಟ್ಟಡದಲ್ಲಿ ಚೂಪುಕಮಾನೂ ಇಲ್ಲ, ಶಿಖರವೂ ಇಲ್ಲ. ಕಟ್ಟಡಕಲೆಯ ಪುಸ್ತಕಗಳು ಇವನ್ನು ಬೇರೆಬೇರೆ ಅಧ್ಯಾಯಗಳಿಗೆ ಹಂಚುತ್ತವೆ. ಬೇಕಾದಾಗ ಕೆಡವಿ, ಬೇಕಾದಂತೆ ಕಟ್ಟಿಕೊಂಡ ಈ ಊರವರ ರೀತಿ ಲ್ಯಾವೆನ್‌ಹ್ಯಾಮ್‌ನವರ ರೀತಿಗೆ ಕೊಲಾಬಾಕ್ಕಿಂತ ಹತ್ತಿರ ಎಂಬುದು ನನ್ನ ಎಣಿಕೆ. ಕೊರಿಯಾ ದಾದರಿನಲ್ಲಿ ತೆರೆದ ಅಂಗಳಗಳನ್ನೂ ಮುಚ್ಚಿದ ಜಾಗಗಳನ್ನೂ ಒಂದರ ಪಕ್ಕ ಒಂದು ಇಟ್ಟರು, ಮೇಲೆ ಕಾಂಕ್ರೀಟಿನ ಚಿಪ್ಪುಗಳನ್ನು ಎತ್ತರಕ್ಕೆ ಒಯ್ದು ನೆತ್ತಿಯಲ್ಲಿ ತೆರಪು ಬಿಟ್ಟರು. ಕಡಲಿನ ಗಾಳಿ ಅಂಗಳದಿಂದ ಒಳಬರುತ್ತದೆ, ಬಿಸಿಗಾಳಿ ನೆತ್ತಿಯಿಂದ ಹೊರಹೋಗುತ್ತದೆ.